ಫೆಸಿಲಿಟೇಟರ್ ಐಡಿಯಾ ಕೊಡೋಕೆ ಬರೋದಲ್ಲ: ಸ್ಪಷ್ಟನೆ

"ಡಿಸೈನ್ ಥಿಂಕಿಂಗ್ ಫೆಸಿಲಿಟೇಟರ್ ಅಂದ್ರೆ ಹೊರಗಿಂದ ಬಂದು ಟೀಮಿಗೆ ಸೊಲ್ಯೂಷನ್ ಹೇಳಿಕೊಡೋ ಎಕ್ಸ್‌ಪರ್ಟ್, ಅದಕ್ಯಾಕೆ ದುಡ್ಡು, ಮ್ಯಾನೇಜರೇ ಮಾಡಿದ್ರೆ ಸಾಕು" ಅಂತ ಒಂದು ಮೆಸೇಜ್ ಆಫೀಸ್ ಗ್ರೂಪುಗಳಲ್ಲಿ ಓಡಾಡ್ತಿದೆ. ಎರಡೂ ಮಾತು ತಪ್ಪು. ಡಿಸೈನ್ ಥಿಂಕಿಂಗ್ ಅಂದ್ರೆ ಬಳಕೆದಾರರ ಕಷ್ಟ ಅರ್ಥ ಮಾಡ್ಕೊಂಡು, ಐಡಿಯಾ ಹುಡುಕಿ, ಮಾದರಿ ಮಾಡಿ ಪರೀಕ್ಷಿಸೋ ವಿಧಾನ; ಫೆಸಿಲಿಟೇಟರ್ ಅಂದ್ರೆ ಟೀಮಿನ ಆ ಸೆಷನ್ ನಡೆಸಿಕೊಡೋರು.

ಸೊಲ್ಯೂಷನ್ ಟೀಮಿಂದಾನೇ ಬರಬೇಕು. ಫೆಸಿಲಿಟೇಟರ್ ನೋಡ್ಕೊಳ್ಳೋದು ಟೈಮು, ಚರ್ಚೆ ಎತ್ತ ಹೋಗ್ತಿದೆ, ಯಾರು ಬಾಯೇ ಬಿಟ್ಟಿಲ್ಲ ಅನ್ನೋದನ್ನ.

ಇನ್ನು ಮ್ಯಾನೇಜರ್ ವಿಷಯ. ಬಾಸ್ ಬೋರ್ಡ್ ಮುಂದೆ ನಿಂತು "ನಂಗನ್ಸತ್ತೆ ಹೊಸ ಆ್ಯಪ್ ಬೇಕು" ಅಂದ್ರೆ ಮುಗೀತು, ಆಮೇಲೆ ಬರೋ ಸ್ಟಿಕಿ ನೋಟಲ್ಲೆಲ್ಲಾ ಆ್ಯಪೇ ಇರುತ್ತೆ, ಅದಕ್ಕೇ ಒಳ್ಳೆ ಫೆಸಿಲಿಟೇಟರ್ ಮೊದ್ಲು ಎಲ್ಲರಿಗೂ ಸುಮ್ನೆ ಕೂತು ಬರೀರಿ ಅಂತಾರೆ, ಹೆಸರಿಲ್ದೆ ಗೋಡೆಗೆ ಅಂಟಿಸ್ತಾರೆ, ವೋಟ್ ಆದ್ಮೇಲೇ ಮಾತು. ಗೂಗಲ್‌ನ ಹೂಡಿಕೆ ಕಂಪನಿ ಗೂಗಲ್ ವೆಂಚರ್ಸಲ್ಲಿ ಡಿಸೈನರ್ ಜೇಕ್ ನ್ಯಾಪ್ ಬೆಳೆಸಿದ ಡಿಸೈನ್ ಸ್ಪ್ರಿಂಟಲ್ಲೂ (5 ದಿನದಲ್ಲಿ ಮಾದರಿ ಮಾಡಿ ಬಳಕೆದಾರರ ಹತ್ರ ಪರೀಕ್ಷಿಸೋ ಕ್ರಮ) ಕೊನೇ ತೀರ್ಮಾನ ತಗೊಳ್ಳೋ ಡಿಸೈಡರ್ ಬೇರೆ, ನಡೆಸಿಕೊಡೋ ಫೆಸಿಲಿಟೇಟರ್ ಬೇರೆ. ಹಾಗಂತ ಹೊರಗಿನೋರೇ ಆಗ್ಬೇಕು ಅಂತೇನೂ ಇಲ್ಲ, ಪಕ್ಕದ ಟೀಮಿನ, ಆ ಪ್ರಾಜೆಕ್ಟಲ್ಲಿ ಪಾಲಿಲ್ಲದ ಸಹೋದ್ಯೋಗಿ ಕಲಿತು ಮಾಡಬಹುದು.

ಅದೇ ಮೆಸೇಜಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಡಿಸೈನ್ ಸಂಸ್ಥೆ ಡಿ-ಸ್ಕೂಲ್‌ನ 5 ಹಂತ (ಎಂಪಥೈಸ್ ಅಂದ್ರೆ ಬಳಕೆದಾರರನ್ನ ಅರ್ಥ ಮಾಡ್ಕೊಳ್ಳೋದು, ಡಿಫೈನ್ ಅಂದ್ರೆ ಸಮಸ್ಯೆ ಏನು ಅಂತ ಗುರುತಿಸೋದು, ಐಡಿಯೇಟ್ ಅಂದ್ರೆ ಐಡಿಯಾ ಹುಡುಕೋದು, ಪ್ರೋಟೋಟೈಪ್ ಅಂದ್ರೆ ಮಾದರಿ ಮಾಡೋದು, ಟೆಸ್ಟ್ ಅಂದ್ರೆ ಪರೀಕ್ಷಿಸೋದು) ಒಂದಾದ್ಮೇಲೊಂದು ಮುಗಿಸ್ಬೇಕು ಅಂತಾನೂ ಇದೆ. ಹಾಗೇನಿಲ್ಲ. ಟೆಸ್ಟಲ್ಲಿ ಬಳಕೆದಾರರು ತಡಬಡಾಯಿಸಿದ್ರೆ ಸಮಸ್ಯೆನೇ ತಪ್ಪಾಗಿ ಹಿಡಿದಿರಬಹುದು, ಆಗ ಡಿಫೈನ್‌ಗೇ ವಾಪಸ್ ಹೋಗ್ಬೇಕು. ಮಾಡಿದ್ದನ್ನ ಬಿಡೋಕೆ ಮನಸ್ಸಿಲ್ಲದ ಟೀಮನ್ನ ಹಾಗೆ ಹಿಂದಕ್ಕೆ ಕರ್ಕೊಂಡು ಹೋಗೋದೇ ಫೆಸಿಲಿಟೇಟರ್‌ಗೆ ಅತಿ ಕಷ್ಟದ ಕೆಲ್ಸ, ನನ್ನ ಪ್ರಕಾರ ಅವರು ಬೇಕಾಗೋದೂ ಅಲ್ಲೇ.