ಸ್ಪಷ್ಟನೆ: ನಕ್ಷೆ ಇಳಿಸಿಕೊಂಡ ಮಾತ್ರಕ್ಕೆ ಲ್ಯಾಪ್‌ಟಾಪ್ ದಾರಿ ತೋರಿಸದು

‘ಆಫ್‌ಲೈನ್ ನಕ್ಷೆ ಹಾಕಿಕೊಂಡರೆ ಸಾಕು, ಸಂಡೂರು ಗುಡ್ಡದಲ್ಲಿ ನೆಟ್‌ವರ್ಕ್ ಹೋದರೂ ಲ್ಯಾಪ್‌ಟಾಪ್ ನೀವಿರುವ ಜಾಗ ತೋರಿಸುತ್ತದೆ’ ಎಂಬ ಸಂದೇಶ ಬಳ್ಳಾರಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ.

ನಕ್ಷೆ ನೋಡುವುದು, ದಾರಿ ಲೆಕ್ಕ ಹಾಕುವುದು ಎರಡೂ ಇಂಟರ್ನೆಟ್ ಇಲ್ಲದೆ ನಡೆಯುತ್ತವೆ. ಆದರೆ ಉಪಗ್ರಹಗಳ ಸಂಕೇತ ಹಿಡಿದು ಜಾಗ ಗುರುತಿಸುವ, ಫೋನಿನಲ್ಲಿರುವ ಜಿಪಿಎಸ್ ಚಿಪ್ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇರುವುದೇ ಇಲ್ಲ. ವಿಂಡೋಸ್ ಹೇಳುವ ಲೊಕೇಶನ್ ಸಾಮಾನ್ಯವಾಗಿ ಸುತ್ತಲಿನ ವೈಫೈ, ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ನೋಡಿ ಕಟ್ಟಿದ ಅಂದಾಜು. ಸಿರುಗುಪ್ಪದಲ್ಲಿ ಕೂತವರನ್ನು ಅದು ಬೆಂಗಳೂರಿನಲ್ಲಿ ತೋರಿಸಿದರೆ ಅಚ್ಚರಿಯೇನಿಲ್ಲ.

ಬೇಕಾದದ್ದು ಯುಎಸ್‌ಬಿ ಜಿಪಿಎಸ್ ರಿಸೀವರ್. ಸಿಕ್ಕಿಸಿದ ಮೇಲೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನ ಪೋರ್ಟ್ಸ್ ವಿಭಾಗದಲ್ಲಿ ಕಾಣುವ ಕಾಮ್ (COM) ಸಂಖ್ಯೆಯನ್ನು ನಕ್ಷೆಯ ತಂತ್ರಾಂಶಕ್ಕೆ ಕೊಡಿ; ಬಾಡ್ ರೇಟ್ (ಮಾಹಿತಿ ಕಳಿಸುವ ವೇಗ) ಹೆಚ್ಚಿನ ರಿಸೀವರ್‌ಗಳಿಗೆ 9600, ಹಳೆಯ ಕೆಲವಕ್ಕೆ 4800. ಬೇರೆ ಪೋರ್ಟಿಗೆ ಹಾಕಿದರೆ ಸಂಖ್ಯೆ ಬದಲಾಗಬಹುದು, ‘ನಿನ್ನೆ ನಡೀತಿತ್ತು, ಇವತ್ತಿಲ್ಲ’ ಅನ್ನುವವರು ಮೊದಲು ಅದನ್ನೇ ನೋಡಲಿ. ಲಿನಕ್ಸ್‌ನಲ್ಲಾದರೆ ರಿಸೀವರ್‌ನ ಮಾಹಿತಿ ಓದುವ ಜಿಪಿಎಸ್‌ಡಿ ಮತ್ತು ದಾರಿ ತೋರಿಸುವ ನ್ಯಾವಿಟ್ ತಂತ್ರಾಂಶಗಳ ಜೋಡಿ ಸಾಕು.

ಇನ್ನೊಂದು ಕಾಟವಿದೆ. ರಿಸೀವರ್ ಸಿಕ್ಕಿಸಿಯೇ ಲ್ಯಾಪ್‌ಟಾಪ್ ಆನ್ ಮಾಡಿದರೆ ವಿಂಡೋಸ್ ಕೆಲವೊಮ್ಮೆ ಅದನ್ನು ಹಳೇ ಸೀರಿಯಲ್ ಮೌಸ್ ಎಂದು ಭಾವಿಸುತ್ತದೆ. ಪಾಯಿಂಟರ್ ದೆವ್ವ ಹೊಕ್ಕಂತೆ ಕುಣಿಯುತ್ತದೆ. ವೈರಸ್ ಅಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಮೈಕ್ರೋಸಾಫ್ಟ್ ಸೀರಿಯಲ್ ಬಾಲ್‌ಪಾಯಿಂಟ್’ ಅನ್ನು ಡಿಸೇಬಲ್ ಮಾಡಿ.

ಮೊದಲ ಸಲ ತೆರೆದ ಬಯಲಲ್ಲಿ ಕೆಲವು ನಿಮಿಷ ಕಾಯಬೇಕು. ಕನಿಷ್ಠ 4 ಉಪಗ್ರಹ ಸಿಗಬೇಕು. ತಗಡಿನ ಶೆಡ್ಡಿನೊಳಗೆ ಪ್ರಯತ್ನಿಸುವುದು ದಂಡ.

ರಿಸೀವರ್ ಕೊಳ್ಳುವ ಮನಸ್ಸಿಲ್ಲವೇ? ಆಂಡ್ರಾಯ್ಡ್ ಫೋನಿನ ಜಿಪಿಎಸ್ ಮಾಹಿತಿಯನ್ನು ಬ್ಲೂಟೂತ್‌ನಲ್ಲಿ ಲ್ಯಾಪ್‌ಟಾಪಿಗೆ ಕಳಿಸುವ ಆ್ಯಪ್‌ಗಳಿವೆ.