ಅದೇ ಶೈಲಿಯಲ್ಲಿ ಕಟ್ಟಿಕೊಡ್ತಾರಂತೆ

ಮೈಸೂರಿನ ಹಳೇ ದೇವರಾಜ ಮಾರುಕಟ್ಟೆ ಮತ್ತೆ ಪೇಪರಿಗೆ ಬಂದಿದೆ. ಕೆಡವುತ್ತಾರಂತೆ, ಆಮೇಲೆ ‘ಪಾರಂಪರಿಕ ಶೈಲಿಯಲ್ಲಿ’ ಹೊಸದು ಕಟ್ಟುತ್ತಾರಂತೆ. ಅಲ್ಲೇ ಹತ್ತಿರದ ಹಳೇ ಅಂಗಡಿ ಸಾಲು, ಲ್ಯಾನ್ಸ್‌ಡೌನ್ ಕಟ್ಟಡಕ್ಕೂ ಇದೇ ಯೋಗ. ನಮ್ಮ ಮೈಸೂರಿನವರ ತಲೆಯೇ ತಲೆ! ಹಳೇದು ಹೋದರೂ ಹಳೇದರ ಹಾಗೆ ಕಾಣೋದು ಉಳಿಯುತ್ತೆ.

ಈ ‘ಶೈಲಿ’ ಅನ್ನೋ ಪದದ ಮೇಲೆ ನನಗೆ ಮೊದಲಿಂದಲೂ ಅನುಮಾನ. ಹೋಟೆಲ್ ಬೋರ್ಡಿನಲ್ಲಿ ‘ಮನೆ ಶೈಲಿಯ ಊಟ’ ಅಂತಿದ್ದರೆ ಅದು ಮನೆ ಊಟ ಅಲ್ಲ ಅಂತಲೇ ಅರ್ಥ, ಅಲ್ವಾ? ನಮ್ಮೂರಲ್ಲಿ ಯಾರೂ ಮೈಸೂರು ಶೈಲಿಯ ಮಸಾಲೆ ದೋಸೆ ಕೇಳುವುದಿಲ್ಲ. ದೋಸೆ ಅಂತೀವಿ, ಬರುತ್ತೆ. ಶೈಲಿ ಬೇಕಾಗುವುದು ಊರು ಬಿಟ್ಟು ಹೋದ ದೋಸೆಗೆ.

ಪೇಟೆಯ ಹೊಸ ಕಟ್ಟಡಗಳನ್ನೇ ನೋಡಿ. ಮುಂದೆ ಪೂರ್ತಿ ಗಾಜು, ಗಾಜಿನ ಅಕ್ಕಪಕ್ಕ ಎರಡು ದಪ್ಪ ಕಂಬ, ನೆತ್ತಿಯ ಮೇಲೊಂದು ಕಮಾನು. ಅರಮನೆಗೆ ಅಷ್ಟು ಮರ್ಯಾದೆ ಸಾಕು. ಮೊನ್ನೆ ಚಪ್ಪಲಿ ಕೊಳ್ಳಲು ಹೋದವನು ಅಂಥದ್ದೊಂದು ಕಂಬವನ್ನು ಸುಮ್ನೆ ಬೆರಳಲ್ಲಿ ತಟ್ಟಿದೆ. ಖಾಲಿ ಡಬ್ಬದ ಸದ್ದು. ಒರಗಲು ಹೋದರೆ ಅಂಗಡಿ ಹುಡುಗ ಓಡಿ ಬಂದ. “ಒರಗಬೇಡಿ ಸಾರ್, ಅದು ಶೋಗೆ.”

ಹಳೇ ಕಟ್ಟಡ ಗಟ್ಟಿಯಿಲ್ಲ ಅಂತಾರೆ. ಹೇಗಿರುತ್ತೆ? ಗೋಡೆ ಸಂದಿಯಲ್ಲಿ ಬೆರಳುದ್ದದ ಅರಳಿ ಸಸಿ ಕಂಡಾಗ ಯಾರೂ ಕೀಳುವುದಿಲ್ಲ. ಅರಳಿ ಕಿತ್ತರೆ ಪಾಪ. ಅದು ಆಳುದ್ದ ಆಗುತ್ತೆ, ಬೇರು ಸುಣ್ಣದ ಗಾರೆಯೊಳಗೆ ಇಳಿಯುತ್ತೆ. ಸೋರಿದ ಕಡೆ ಸಿಮೆಂಟ್ ಮೆತ್ತುತ್ತಾರೆ. ಸುಣ್ಣದ ಗೋಡೆಗೆ ಸಿಮೆಂಟ್ ಅಂದರೆ ಮೂಗು ಮುಚ್ಚಿದ ಹಾಗೆ. ಒಳಗಿನ ತೇವ ಹೊರಗೆ ಬರೋದಿಲ್ಲ. ಆಮೇಲೆ ತಜ್ಞರು ಬಂದು ‘ಶಿಥಿಲ’ ಅಂತ ಬರೆಯುತ್ತಾರೆ. ಹಳೇ ಕಟ್ಟಡ ಉಳಿಸುವ ಸಂಸ್ಥೆ ಇಂಟ್ಯಾಕ್‌ನವರು ರಿಪೇರಿ ಆಗುತ್ತೆ ಅಂದರು, ಅದು ಬೇರೆ ಮಾತು. ಕಟ್ಟಡ ಕೆಡವಿದರೆ ಪಾಪ ಇಲ್ಲ, ಟೆಂಡರ್ ಇದೆ.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿರುವಾಗಲೇ, ಮಾರುಕಟ್ಟೆಯ ಒಂದು ಭಾಗ ಬಿತ್ತು. 2023ರಲ್ಲಿ ಹೈಕೋರ್ಟ್ ಕೆಡವಲು ಅಡ್ಡಿಯಿಲ್ಲ ಅಂದಿತು. ಉಳಿಸಬೇಕಾ, ಕೆಡವಬೇಕಾ ಅಂತ ವಾದ ಮಾಡಿದ್ದೇ ಆಯ್ತು. ನಾಲ್ಕು ಜೀವ ಹೋಯ್ತಲ್ರೀ. ಅವರನ್ನ ಯಾವ ಶೈಲಿಯಲ್ಲಿ ವಾಪಸ್ ತರ್ತೀರಿ? ಬರೆಯೋಕೂ ಬೇಜಾರು.

ಎದ್ದು ಮಾರುಕಟ್ಟೆಗೇ ಹೋದೆ. ಹೂವಿನ ಸಾಲಿನಲ್ಲಿ ಮಲ್ಲಿಗೆ ಘಮ, ಕಾಲಡಿ ಕೆಸರು. ಎರಡು ಮೊಳ ಕೊಡಮ್ಮಾ ಅಂದೆ. ಹೂವಿನಾಕೆ ಮೊಣಕೈ ಮಡಚಿ, ಬೆರಳು ಒಳಗೆ ಎಳೆದುಕೊಂಡು ಸರಸರ ಅಳೆದಳು.

“ಇದು ಮೊಳವೇನಮ್ಮಾ?”

“ಮೊಳದಂಗೇ ಐತಲ್ಲಾ ಸ್ವಾಮಿ.”