ಕಳ್ಳತನಕ್ಕೆ ಪ್ರಾಣದಂಡವಿಲ್ಲ
ಟ್ರಾನ್ಸ್‌ಫಾರ್ಮರ್‌ನ ತಾಮ್ರ ಕದಿಯಲು ಹೋಗಿ ವಿದ್ಯುತ್ ತಗುಲಿ ಸತ್ತವನಿಗೆ ಮರುಗುವುದು ರೈತನಿಗೆ ಬಗೆಯುವ ದ್ರೋಹ ಎಂಬ ಲೇಖಕರ ಮಾತನ್ನು ಕೋಲಾರದ ಟೊಮೆಟೊ ಬೆಳೆಗಾರನಾದ ನಾನು ಒಪ್ಪಲಾರೆ. ನಮ್ಮ ಕೊಳವೆಬಾವಿಯ ಕೇಬಲ್ಲನ್ನೂ ಕತ್ತರಿಸಿ ಒಯ್ದಿದ್ದರು. ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ಕಿತ್ತುಬಿದ್ದಿತ್ತು, ಸುಲಿದೆಸೆದ ಕಪ್ಪು ಸಿಪ್ಪೆ ಬದುವಿನುದ್ದಕ್ಕೂ ಹರಡಿತ್ತು, ಹೊಸ ಕೇಬಲ್ ಬರುವಷ್ಟರಲ್ಲಿ ನೀರಿಲ್ಲದೆ ಹೂವೆಲ್ಲ ಉದುರಿಹೋಗಿತ್ತು. ಆ ಸಿಟ್ಟು ಇಂದಿಗೂ ಆರಿಲ್ಲ. ಆದರೆ 2003ರ ವಿದ್ಯುತ್ ಕಾಯ್ದೆಯ 136ನೇ ಸೆಕ್ಷನ್ ಇಂಥ ಕಳವಿಗೆ, ಮೊದಲ ಅಪರಾಧವಾದರೆ, ಹೆಚ್ಚೆಂದರೆ 3 ವರ್ಷ ಸೆರೆವಾಸ ವಿಧಿಸುತ್ತದೆಯೇ ಹೊರತು ಪ್ರಾಣ ಕೇಳುವುದಿಲ್ಲ. ಸತ್ತವನ ಹೆಂಡತಿ ಮಕ್ಕಳಂತೂ ಯಾವ ತಂತಿಯನ್ನೂ ಕತ್ತರಿಸಿದವರಲ್ಲ. ಕದ್ದ ಮಾಲೆಂದು ಗೊತ್ತಿದ್ದೂ ಆ ತಾಮ್ರವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವ ಗುಜರಿ ವ್ಯಾಪಾರಿಯ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ನಮ್ಮ ಸಿಟ್ಟು ತಿರುಗಬೇಕಾದುದು ಅವನತ್ತ.